ಪಕ್ಕದ ಮೇಜಿನ ಸಂಶೋಧನೆ

ನಮಸ್ಕಾರ. ಸಂಶೋಧನಾ ಲೇಖನಗಳ ಮೇಲೆ ಐದಾರು ಹೆಸರು ಇರುವುದನ್ನು ನೀವು ನೋಡಿರಬಹುದು. ಜೀವವಿಜ್ಞಾನದಲ್ಲಾದರೆ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗ ಮಾಡಿ ಬೆವರು ಸುರಿಸಿದವರದು, ಕೊನೆಯದು ಲ್ಯಾಬ್ ನಡೆಸುವ ಹಿರಿಯರದು. ಈ ಇಬ್ಬರು ಎಷ್ಟು ಹತ್ತಿರ ಕೂರುತ್ತಾರೆ ಅನ್ನೋದಕ್ಕೂ ಲೇಖನದ ಗುಣಕ್ಕೂ ಸಂಬಂಧ ಇದೆಯಾ?

ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ನ ಕೆಲವರು ಇದನ್ನೇ ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. 1999ರಿಂದ 2003ರವರೆಗಿನ ಸುಮಾರು 35,000 ಲೇಖನ ತೆಗೆದುಕೊಂಡು, ತಮ್ಮ ವಿಶ್ವವಿದ್ಯಾಲಯದ ಲೇಖಕರು ಯಾವ ಯಾವ ಕಟ್ಟಡದಲ್ಲಿದ್ದರು ಅಂತ ಗುರುತು ಹಾಕಿದರು. ಮೊದಲ ಮತ್ತು ಕೊನೆಯ ಲೇಖಕರ ನಡುವಿನ ದೂರ ಹೆಚ್ಚಿದ ಹಾಗೆ, ಆ ಲೇಖನವನ್ನು ಬೇರೆಯವರು ಉಲ್ಲೇಖಿಸುವುದು ಸರಾಸರಿಯಲ್ಲಿ ಕಡಿಮೆಯಾಗಿತ್ತು. ಉಲ್ಲೇಖ ಜಾಸ್ತಿ ಅಂದಮಾತ್ರಕ್ಕೆ ಗುಣವೂ ಜಾಸ್ತಿ ಅಂತಲ್ಲ ಬಿಡಿ, ಆದರೂ ಇಂಥ ಲೆಕ್ಕಕ್ಕೆ ಎಲ್ಲರೂ ಹಿಡಿಯುವುದು ಅದನ್ನೇ.

ಮೊದಲೇ ಹೊಂದಾಣಿಕೆ ಇದ್ದವರು ಅಕ್ಕಪಕ್ಕದ ಕೋಣೆ ಹಿಡಿದಿರಬಹುದು, ಅಲ್ವಾ? ಇದಕ್ಕೆ ಉತ್ತರ ಪ್ಯಾರಿಸ್‌ನ ಜೂಸ್ಯೂ ಕ್ಯಾಂಪಸ್‌ನಲ್ಲಿ ಸಿಗುತ್ತದೆ. ಅಲ್ಲಿ ಕಟ್ಟಡಗಳಿಂದ ಆರೋಗ್ಯಕ್ಕೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ತೆಗೆಯಬೇಕಾಗಿ ಬಂತು. ಯಾರಿಗೆ ಯಾರು ನೆರೆಯವರಾಗಬೇಕು ಅಂತ ವಿಜ್ಞಾನಿಗಳನ್ನು ಕೇಳುತ್ತಾ ಕೂರುವಂತಿರಲಿಲ್ಲ, ಖಾಲಿ ಜಾಗ ಇದ್ದಲ್ಲಿಗೆ ಲ್ಯಾಬುಗಳನ್ನು ಸಾಗಿಸಿದರು. ಹಾಗೆ ಪಕ್ಕಕ್ಕೆ ಬಂದು ಬಿದ್ದ ಲ್ಯಾಬುಗಳು ಜೊತೆಯಾಗಿ ಕೆಲಸ ಮಾಡುವ ಸಾಧ್ಯತೆ 3.5 ಪಟ್ಟು ಹೆಚ್ಚಾಯಿತು.

ನನಗನ್ನಿಸುವುದು ಇಷ್ಟು: ಹತ್ತಿರ ಇದ್ದರೆ ಅರೆಬೆಂದ ಮಾತು ಆಡಬಹುದು. "ಈ ಗ್ರಾಫಿನಲ್ಲಿ ಈ ಒಂದು ಚುಕ್ಕೆ ಯಾಕೋ ಸರಿ ಕಾಣ್ತಿಲ್ಲ, ನೋಡಿ" ಅನ್ನೋದಕ್ಕೆ ಯಾರೂ ವಿಡಿಯೋ ಮೀಟಿಂಗ್ ಕರೆಯುವುದಿಲ್ಲ, ಇಮೇಲ್ ಬರೆಯಲು ಕೂತರೂ ತಿದ್ದಿ ತೀಡಿ ಕೊನೆಗೆ ಸುಮ್ನೆ ಬಿಟ್ಟುಬಿಡುತ್ತೇವೆ. ಪಕ್ಕದ ಮೇಜಿನವರಾದರೆ ಕುರ್ಚಿ ತಿರುಗಿಸಿದರೆ ಆಯಿತು.

2023ರಲ್ಲಿ ಬಂದ ಒಂದು ಅಧ್ಯಯನವೂ ಇಲ್ಲಿಗೇ ಬರುತ್ತದೆ. 1960ರಿಂದ 2020ರವರೆಗಿನ 2 ಕೋಟಿ ಲೇಖನ ನೋಡಿದ ಸಂಶೋಧಕರಿಗೆ, ದೂರ ದೂರ ಇರುವ ತಂಡಗಳಿಂದ ದಿಕ್ಕು ಬದಲಿಸುವಂಥ ಶೋಧ ಕಡಿಮೆ ಬಂದಿರುವುದು ಕಂಡಿತು. ದೂರದವರು ಹೆಚ್ಚಾಗಿ ಕೈಜೋಡಿಸಿದ್ದು ಕೊನೆ ಹಂತದ ತಾಂತ್ರಿಕ ಕೆಲಸಕ್ಕೆ. ಏನು ಹುಡುಕಬೇಕು ಅನ್ನೋ ಮೊದಲ ಯೋಚನೆಯಲ್ಲಿ ಅವರ ಪಾಲು ಕಮ್ಮಿ.

ಎಲ್ಲವೂ ಒಂದೇ ಸೂರಿನಡಿ ಆಗುವುದಿಲ್ಲ, ನಿಜ. 2015ರಲ್ಲಿ ಹಿಗ್ಸ್ ಅನ್ನೋ ಮೂಲಕಣದ ದ್ರವ್ಯರಾಶಿಯ ಬಗ್ಗೆ ಬಂದ ಲೇಖನಕ್ಕೆ 5,000ಕ್ಕೂ ಹೆಚ್ಚು ಲೇಖಕರು! ಹತ್ತಿರ ಇದ್ದವರೆಲ್ಲ ಎದುರೆದುರು ಕೂತು ಮಾತಾಡುತ್ತಾರೆ ಅಂತಲೂ ಇಲ್ಲ. ಗಣಿತಜ್ಞರಾದ ಹಾರ್ಡಿ ಮತ್ತು ಲಿಟಲ್‌ವುಡ್ ಕೇಂಬ್ರಿಡ್ಜ್‌ನ ಒಂದೇ ಕಾಲೇಜಿನಲ್ಲಿದ್ದರೂ ಪತ್ರ ಬರೆದುಕೊಳ್ಳುತ್ತಿದ್ದರು, ಬಂದ ಪತ್ರಕ್ಕೆ ಉತ್ತರ ಕೊಡುವುದಿರಲಿ, ಅದನ್ನು ಓದಲೇಬೇಕು ಅಂತಲೂ ಅವರ ನಡುವೆ ಕಟ್ಟುಪಾಡು ಇರಲಿಲ್ಲವಂತೆ.