ಗ್ಯಾಸ್ ಮಾರೋ ದೇಶ, ಡಾಲರ್‌ಗೆ ಕ್ಯೂ: ಟ್ರಿನಿಡಾಡ್‌ನಲ್ಲಿ ದುಡ್ಡು ಹೊಂದಿಸೋ ಲೆಕ್ಕ

ನಮಸ್ಕಾರ. ಈಗ ಪರದೆ ಮೇಲಿರೋದು ಡಬಲ್ಸ್, ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನವರ ಬೆಳಗಿನ ತಿಂಡಿ. ಅರಿಶಿನ ಹಾಕಿ ಕಲಸಿದ ಹಿಟ್ಟನ್ನ ಅಂಗೈಯಲ್ಲೇ ತಟ್ಟಿ ಎಣ್ಣೆಗೆ ಬಿಟ್ಟಿರೋ ಎರಡು ಮೆತ್ತನೆ ಬಾರಾ, ಮೇಲೆ ಕಾಬೂಲಿ ಕಡಲೆಯ ಗಸಿ, ಹುಣಸೆ ಚಟ್ನಿ, ತುರಿದ ಸೌತೆಕಾಯಿ. 'ಸ್ಲೈಟ್ ಪೆಪ್ಪರ್' ಅಂದ್ರೆ ಖಾರ ಸ್ವಲ್ಪ ಮಾತ್ರ ಹಾಕ್ತಾರೆ. ಬಾರಾ ಅನ್ನೋ ಹೆಸರು ಭೋಜಪುರಿ ಕಡೆಯದು, ನಮ್ಮ ವಡೆಗೆ ದಾಯಾದಿ. 1845ರಿಂದ ಕಬ್ಬಿನ ತೋಟಗಳಿಗೆ ಕೂಲಿಗೆ ಬಂದವರು ಬಿಟ್ಟುಹೋದ ಮಾತು.

ಈಗ ಇದನ್ನ ಬಿಡಿಸಿ ನೋಡೋಣ. ಗೋಧಿ ಅಲ್ಲಿ ಬೆಳೆಯಲ್ಲ. ಕಾಬೂಲಿ ಕಡಲೆ ಹೊರಗಿಂದ ಬರಬೇಕು. ಎಣ್ಣೆಗೆ ಬೇಕಾದ ಸೋಯಾನೂ ಹೊರಗಿಂದಲೇ. ಗಾಡಿಯವನಿಗೆ ನೀವು ಕೊಡೋದು ಸ್ಥಳೀಯ ನೋಟು, ಪೊಟ್ಟಣದೊಳಗಿರೋದು ಮಾತ್ರ ಹೆಚ್ಚುಕಡಿಮೆ ಪೂರ್ತಿ ಅಮೆರಿಕನ್ ಡಾಲರ್. 2022ರಲ್ಲಿ ಗಿರಣಿಯವರು ಹಿಟ್ಟಿನ ಬೆಲೆ ಏರಿಸಿದಾಗ ಡಬಲ್ಸ್ ಬೆಲೆನೂ ಏರಿತು, ಊರೆಲ್ಲ ಅದೇ ಮಾತಾಯಿತು.

ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ಜನ ಸುಮಾರು 14 ಲಕ್ಷ. ಪಾಯಿಂಟ್ ಫೋರ್ಟಿನ್‌ನಲ್ಲಿ ನೈಸರ್ಗಿಕ ಅನಿಲವನ್ನ ತಣ್ಣಗೆ ಮಾಡಿ ದ್ರವ ಮಾಡಿ ಹಡಗಿಗೆ ತುಂಬ್ತಾರೆ, 1999ರಿಂದ. ಪಾಯಿಂಟ್ ಲೀಸಾಸ್‌ನಲ್ಲಿ ಅದೇ ಅನಿಲದಿಂದ ಅಮೋನಿಯಾ, ಮೆಥನಾಲ್ ಮಾಡ್ತಾರೆ. ಇಷ್ಟೆಲ್ಲ ಮಾರೋ ದೇಶದಲ್ಲಿ, ಮಗಳ ಕಾಲೇಜು ಫೀಸಿಗೆ ಸಾವಿರ ಡಾಲರ್ ಬೇಕು ಅಂತ ಬ್ಯಾಂಕಿಗೆ ಹೋದ್ರೆ 'ಹೆಸರು ಬರೆಸಿ ಹೋಗಿ' ಅಂತಾರೆ.

ಕಾರಣ ಎರಡು. ಮೊದಲನೆಯದು ಅನಿಲನೇ ಕಡಿಮೆಯಾಗಿದ್ದು. 2010ರಲ್ಲಿ ದಿನಕ್ಕೆ ಸುಮಾರು 430 ಕೋಟಿ ಘನ ಅಡಿ ತೆಗೀತಿದ್ರು, ಈಚಿನ ವರ್ಷಗಳಲ್ಲಿ ಅದು 250 ಕೋಟಿಯ ಆಸುಪಾಸು. ಪಾಯಿಂಟ್ ಫೋರ್ಟಿನ್‌ನ ನಾಲ್ಕು ಘಟಕಗಳಲ್ಲಿ ಮೊದಲನೆಯದು 2020ರ ಕೊನೆಯಿಂದ ಅನಿಲ ಇಲ್ಲದೆ ನಿಂತಿತು. ಕಂಪನಿಗಳು ಡಾಲರ್ ತರೋದು ತೆರಿಗೆ ಕಟ್ಟೋಕೆ, ಸ್ಥಳೀಯ ಖರ್ಚಿಗೆ. ಉತ್ಪಾದನೆ ಇಳಿದ್ರೆ ಎರಡೂ ಇಳಿಯುತ್ತೆ. ದೇಶ ಕೂಡಿಟ್ಟ ವಿದೇಶಿ ಹಣ, ಅಂದ್ರೆ ವಿದೇಶಿ ಮೀಸಲು, 2014ರ ಕೊನೆಗೆ 1,100 ಕೋಟಿ ಡಾಲರ್ ದಾಟಿತ್ತು, 2024ರ ಕೊನೆಗೆ ಅದರ ಅರ್ಧ.

ಎರಡನೆಯದು ಬೆಲೆ. ಇದನ್ನ ಅರ್ಥ ಮಾಡ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತೆ. ಅಲ್ಲಿನ ಸ್ಥಳೀಯ ಹಣದ ಹೆಸರೂ ಡಾಲರ್ರೇ, ಟ್ರಿನಿಡಾಡ್ ಮತ್ತು ಟೊಬೇಗೊ ಡಾಲರ್, ಚಿಕ್ಕದಾಗಿ ಟಿಟಿ; ನಾನು ಬರೀ ಡಾಲರ್ ಅಂದ್ರೆ ಅಮೆರಿಕದ್ದು. ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 6.78 ಟಿಟಿ ಡಾಲರ್. ವರ್ಷಗಳಿಂದ ಅದು ಅಲ್ಲೇ ಕೂತಿದೆ. 1993ರಲ್ಲಿ ವಿನಿಮಯ ನಿಯಂತ್ರಣ ತೆಗೆದುಹಾಕಿ ದರವನ್ನ ಮಾರುಕಟ್ಟೆಗೆ ಬಿಟ್ಟಿದ್ದೇವೆ ಅಂತ ಕಾಗದದಲ್ಲಿದೆ, ನಡೆಯೋದು ಬೇರೆ. ನಮ್ಮ ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ನೆನಪು ಮಾಡ್ಕೊಳ್ಳಿ. ಬೆಲೆ ಕಡಿಮೆ, ಕ್ಯಾನು ಹಿಡಿದು ನಿಂತವರು ಜಾಸ್ತಿ, ಡ್ರಮ್ಮಿನಲ್ಲಿರೋದು ಇಷ್ಟೇ. ಅಂಥ ಕಡೆ ಮಾಲು ಹಂಚೋದು ಬೆಲೆ ಅಲ್ಲ, ಸರತಿ. ಡಾಲರ್ ಅಲ್ಲಿ ದುಬಾರಿ ಅಲ್ಲ. ಅಗ್ಗ, ಅದಕ್ಕೇ ಸಿಗಲ್ಲ.

ಹಾಗಾದ್ರೆ ದರ ಏರಿಸಿಬಿಡಲಿ ಅಂತೀರಾ? ಏರಿಸಿದ ಮರುದಿನವೇ ಡಬಲ್ಸ್ ಬೆಲೆ ಏರುತ್ತೆ, ಯಾವ ಸರ್ಕಾರಕ್ಕೂ ಅದು ಬೇಡ. ಯಾರಿಗೆ ಎಷ್ಟು ಡಾಲರ್ ಹೋಗ್ತಿದೆ ಅನ್ನೋ ವಿಷಯ ಅಲ್ಲಿ ಎಷ್ಟು ಸೂಕ್ಷ್ಮ ಅಂದ್ರೆ, 2015ರ ಡಿಸೆಂಬರ್‌ನಲ್ಲಿ ಸೆಂಟ್ರಲ್ ಬ್ಯಾಂಕ್ ಗವರ್ನರ್ ಜ್ವಾಲಾ ರಾಮ್‌ಬರನ್ ಅತಿ ಹೆಚ್ಚು ಡಾಲರ್ ಕೊಂಡ ಕಂಪನಿಗಳ ಹೆಸರನ್ನ ಬಹಿರಂಗವಾಗಿ ಓದಿದರು, ಅದೇ ತಿಂಗಳು ಕುರ್ಚಿ ಹೋಯಿತು.

ಸರಿ, ಕೈಗೆ ಕೆಲಸ ಕೊಡೋಣ. ಮೊದಲು ಕಾರ್ಡ್, ಯಾಕಂದ್ರೆ ಸಾಮಾನ್ಯ ಸಂಸಾರಸ್ಥರಿಗೆ ಡಾಲರ್ ಬರೋ ಮುಖ್ಯ ನಲ್ಲಿ ಅದೇ. ಸ್ಥಳೀಯ ಬ್ಯಾಂಕಿನ ಕ್ರೆಡಿಟ್ ಕಾರ್ಡ್‌ಗೆ ಎರಡು ಮಿತಿ ಇರುತ್ತೆ. ಒಂದು ಸಾಲದ ಮಿತಿ, ಇನ್ನೊಂದು ವಿದೇಶಿ ಖರ್ಚಿನ ಮಿತಿ. ಎರಡನೆಯದು ತುಂಬ ಚಿಕ್ಕದು, ವರ್ಷದಿಂದ ವರ್ಷಕ್ಕೆ ಬ್ಯಾಂಕುಗಳು ಇನ್ನಷ್ಟು ಕತ್ತರಿಸಿವೆ. ಜನ ಎಡವೋದು ಇಲ್ಲಿ: ಮಿತಿ ಮುಗೀತು, ತಕ್ಷಣ ಬಾಕಿ ಕಟ್ಟಿದ್ರೆ ಮತ್ತೆ ತೆರೆಯುತ್ತೆ ಅಂದ್ಕೋತಾರೆ. ಸಾಲದ ಮಿತಿ ತೆರೆಯುತ್ತೆ, ಡಾಲರ್ ಮಿತಿ ತೆರೆಯಲ್ಲ. ಬಿಲ್ಲಿಂಗ್ ತಾರೀಕು ತಿರುಗಬೇಕು.

ಹಾಗಾಗಿ ಸ್ಟೇಟ್‌ಮೆಂಟ್ ತಾರೀಕನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ತಾರೀಕು 17 ಅಂತಿಟ್ಕೊಳ್ಳಿ. ದೊಡ್ಡ ಬಿಲ್ ಇದ್ರೆ ಅರ್ಧ 13ಕ್ಕೆ, ಮಿಕ್ಕ ಅರ್ಧ 19ಕ್ಕೆ. 16ಕ್ಕೆ ಯಾಕಲ್ಲ? ಕಾರ್ಡ್ ಉಜ್ಜಿದ ದಿನ ಬೇರೆ, ಬ್ಯಾಂಕಿನ ಲೆಕ್ಕಕ್ಕೆ ಅದು ಸೇರೋ ದಿನ ಬೇರೆ. ಎರಡು ಮೂರು ದಿನ ತಡವಾದ್ರೆ ಎರಡು ಖರ್ಚೂ ಒಂದೇ ತಿಂಗಳಿಗೆ ಬಿದ್ದು ಎರಡನೆಯದು ವಾಪಸ್ ಬರುತ್ತೆ.

ಹೋಟೆಲ್, ಬಾಡಿಗೆ ಕಾರಿನವರು ಹಿಡಿದಿಡೋ ಠೇವಣಿ ಮೊತ್ತಾನೂ ಮಿತಿಯನ್ನ ತಿನ್ನುತ್ತೆ, ಅವರು ಬಿಟ್ಟುಕೊಟ್ಟರೂ ಎಷ್ಟೋ ದಿನ ವಾಪಸ್ ಕಾಣಲ್ಲ. ಮಯಾಮಿಯಲ್ಲಿ ಕಾರು ಬಾಡಿಗೆಗೆ ತಗೊಳ್ಳೋ ಯೋಚನೆ ಇದ್ರೆ ಆ ಠೇವಣಿಗೆ ಒಂದು ಕಾರ್ಡ್, ಊಟ ಪೆಟ್ರೋಲಿಗೆ ಇನ್ನೊಂದು. ಸದ್ದಿಲ್ಲದೆ ಡಾಲರ್ ಕುಡಿಯೋವು ಮಾಸಿಕ ಚಂದಾಗಳು: ಸಿನಿಮಾ, ಸಂಗೀತ, ಫೋಟೊ ಇಡೋ ಜಾಗ. ವೆಬ್‌ಸೈಟು ಬೆಲೆಯನ್ನ ಟಿಟಿಯಲ್ಲಿ ತೋರಿಸಿದ್ರೂ ಮಾರೋನು ಹೊರದೇಶದವನಾದ್ರೆ ಬ್ಯಾಂಕಿಗೆ ಅದು ವಿದೇಶಿ ಖರ್ಚೇ.

ಆನ್‌ಲೈನ್ ಕೊಳ್ಳೋರ ದಾರಿ ಹೀಗೆ: ಕೊರಿಯರ್ ಕಂಪನಿ ಮಯಾಮಿಯಲ್ಲಿ ನಿಮ್ಮ ಹೆಸರಿಗೊಂದು ವಿಳಾಸ ಕೊಡುತ್ತೆ, ಸಾಮಾನು ಅಲ್ಲಿಗೆ ಹೋಗಿ, ವಿಮಾನದಲ್ಲಿ ಟ್ರಿನಿಡಾಡ್‌ನ ಪಿಯಾರ್ಕೊ ವಿಮಾನ ನಿಲ್ದಾಣಕ್ಕೆ ಬರುತ್ತೆ. ಅದರ ಮೇಲೆ ಸುಂಕ, 12.5 ಶೇಕಡಾ ವ್ಯಾಟ್, ಜೊತೆಗೆ 2016ರಿಂದ 7 ಶೇಕಡಾ ಆನ್‌ಲೈನ್ ಖರೀದಿ ತೆರಿಗೆ. ಇವೆಲ್ಲ ಟಿಟಿಯಲ್ಲಿ ಕಟ್ಟೋದು, ಹಾಗಾಗಿ ತೊಂದರೆ ಇಲ್ಲ. ಡಾಲರ್ ಹೋಗೋದು ಸಾಮಾನಿನ ಬೆಲೆಗೆ ಮಾತ್ರ. ವಿಮಾನ ಟಿಕೆಟ್‌ಗಂತೂ ಡಾಲರ್ ಮುಟ್ಟಲೇಬೇಡಿ. ಅಲ್ಲಿಂದ ಹೊರಡೋ ಪ್ರಯಾಣಕ್ಕೆ ಕೆರಿಬಿಯನ್ ಏರ್‌ಲೈನ್ಸ್ ಟಿಟಿ ತಗೊಳ್ಳುತ್ತೆ, ಬೇರೆ ವಿಮಾನಗಳಿಗೆ ಊರಿನ ಟ್ರಾವೆಲ್ ಏಜೆಂಟ್ ಹತ್ತಿರ ಟಿಟಿಯಲ್ಲೇ ಬರೆಸಬಹುದು. ಏಜೆಂಟ್ ಶುಲ್ಕ ನೋಡಿ ಮುಖ ಕಿವುಚಬೇಡಿ, ಆ ಕಾರ್ಡ್ ಮಿತಿ ಆಸ್ಪತ್ರೆ ಬಿಲ್ಲಿಗೋ ಫೀಸಿಗೋ ಬೇಕಾಗುತ್ತೆ.

ಈಗ ನೋಟು. ಪ್ರಯಾಣಕ್ಕೆ ನಗದು ಬೇಕಂದ್ರೆ ಖಾತೆ ಇರೋ ಬ್ಯಾಂಕಿಗೆ ಪಾಸ್‌ಪೋರ್ಟ್, ಟಿಕೆಟ್ ಹಿಡಿದು ಹೋಗಬೇಕು. ಸಿಗೋದು ಕೆಲವು ನೂರು ಡಾಲರ್, ಅದೂ ಶಾಖೆಯಿಂದ ಶಾಖೆಗೆ, ವಾರದಿಂದ ವಾರಕ್ಕೆ ಬೇರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೊರಡೋಕೆ ನಾಲ್ಕು ವಾರ ಮುಂಚೆ ಕೇಳೋಕೆ ಶುರು ಮಾಡಿ. ಸೆಂಟ್ರಲ್ ಬ್ಯಾಂಕ್ ಬ್ಯಾಂಕುಗಳಿಗೆ ಡಾಲರ್ ಬಿಟ್ಟ ಮೇಲೆ ಕೌಂಟರ್ ಸ್ವಲ್ಪ ಸಡಿಲ ಆಗುತ್ತೆ, ಯಾವ ವಾರ ಅನ್ನೋದು ಕೌಂಟರಿನವರ ಬಾಯಲ್ಲೇ ತಿಳಿಯಬೇಕು. ಲಂಡನ್ನಿಗೆ ಹೋಗೋರು ಡಾಲರ್ ಕೇಳೋ ಬದಲು ಪೌಂಡ್ ಇದೆಯಾ ಅಂತ ಕೇಳಿ, ಆ ಸಾಲು ಚಿಕ್ಕದಿರಬಹುದು. ಕುಟುಂಬದಲ್ಲಿ ನಾಲ್ವರು ಹೊರಟಿದ್ರೆ ನಾಲ್ವರ ಟಿಕೆಟೂ ತೋರಿಸಿ.

ಡಾಲರ್ ಖಾತೆ ಇರೋರಿಗೊಂದು ಮಾತು. ಖಾತೆಯಲ್ಲಿರೋ ಅಂಕಿ ಬೇರೆ, ಕೈಗೆ ಬರೋ ನೋಟು ಬೇರೆ. ನಿಮ್ಮದೇ ದುಡ್ಡಾದ್ರೂ ನಗದಾಗಿ ತೆಗೆಯೋಕೆ ಮಿತಿ ಇರಬಹುದು, ಹೊರದೇಶಕ್ಕೆ ತಂತಿ ಮೂಲಕ ಕಳಿಸೋಕೆ ಇನ್ನೊಂದು. ಖಾತೆ ತೆರೆಯೋ ದಿನವೇ ಈ ಎರಡು ಪ್ರಶ್ನೆ ಕೇಳಿ ಬರೆದುಕೊಳ್ಳಿ.

ಹೊರಗೆ ಕೈಬದಲು ಮಾರೋರು ಇದ್ದಾರೆ, ದರ ಬ್ಯಾಂಕಿಗಿಂತ ಸಾಕಷ್ಟು ಮೇಲೆ. ಪರವಾನಗಿ ಇಲ್ಲದವರ ಹತ್ತಿರ ವಿದೇಶಿ ಹಣ ಕೊಳ್ಳೋದು ಅಲ್ಲಿನ ಕಾಯ್ದೆಗೆ ವಿರುದ್ಧ. ಕಾನೂನು ಬದಿಗಿಟ್ಟರೂ, ಪಾರ್ಕಿಂಗ್ ಜಾಗದಲ್ಲಿ ಕತ್ತಲಲ್ಲಿ ಎಣಿಸಿದ ನೂರರ ನೋಟು ಖೋಟಾ ಆದ್ರೆ ಯಾರನ್ನ ಕೇಳ್ತೀರಿ?

ನಿಜವಾದ ಪರದಾಟ ಇರೋದು ಚಿಕ್ಕ ಆಮದುದಾರರಿಗೆ. ಒಬ್ಬ ಬಿಡಿಭಾಗದ ಅಂಗಡಿಯವರ ಲೆಕ್ಕ ಹಾಕೋಣ. ಒಂದು ಕಂಟೇನರ್, ಬಿಲ್ 20,000 ಅಮೆರಿಕನ್ ಡಾಲರ್. 6.78ರಂತೆ 1,35,600 ಟಿಟಿ. ಆ ದುಡ್ಡು ಅವರ ಖಾತೆಯಲ್ಲಿದೆ. ಅದನ್ನ ಡಾಲರ್ ಮಾಡಿಕೊಡೋಕೆ ಬ್ಯಾಂಕಿನಲ್ಲಿ ಡಾಲರ್ ಇಲ್ಲ, ಕಂತು ಕಂತಾಗಿ ಕೊಡ್ತಾರೆ. ಅಷ್ಟರಲ್ಲಿ ಹಡಗು ಬಂದುಬಿಡುತ್ತೆ. ಪೂರ್ತಿ ಹಣ ಬರೋ ತನಕ ಮಾರಿದವನು ಬಿಲ್ ಆಫ್ ಲೇಡಿಂಗ್, ಅಂದ್ರೆ ಹಡಗಿನ ಸರಕಿನ ಹಕ್ಕುಪತ್ರ, ಬಿಡಲ್ಲ. ಆ ಕಾಗದ ಇಲ್ಲದೆ ಕಂಟೇನರ್ ಬಿಡಿಸೋಕಾಗಲ್ಲ. ಉಚಿತ ದಿನಗಳು ಮುಗಿದ ಮೇಲೆ ಬಂದರಿನವರ ಜಾಗದ ಬಾಡಿಗೆ ಒಂದು ಕಡೆ, ಕಂಟೇನರ್ ತಡವಾಗಿದ್ದಕ್ಕೆ ಹಡಗು ಕಂಪನಿ ಹಾಕೋ ದಂಡ, ಅಂದ್ರೆ ಡೆಮರೇಜ್, ಇನ್ನೊಂದು ಕಡೆ ದಿನಲೆಕ್ಕದಲ್ಲಿ ಓಡುತ್ತೆ.

ಪಾರಾಗೋ ಕ್ರಮ ಇದು. ಸಾಮಾನು ಹೊರಟ ಮೇಲೆ ಬ್ಯಾಂಕಿಗೆ ಓಡಬೇಡಿ, ಪ್ರೊಫಾರ್ಮಾ ಇನ್‌ವಾಯ್ಸ್, ಅಂದ್ರೆ ಸರಕು ಕಳಿಸೋ ಮುಂಚಿನ ಅಂದಾಜು ಬಿಲ್, ಕೈಗೆ ಬಂದ ದಿನವೇ ಅರ್ಜಿ ಹಾಕಿ. ಇನ್‌ವಾಯ್ಸ್‌ನಲ್ಲಿ ಹೆಸರು, ಬ್ಯಾಂಕ್ ವಿವರ, ಮೊತ್ತ ಅರ್ಜಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಕಡೆ 'ಲಿಮಿಟೆಡ್' ಇದ್ದು ಇನ್ನೊಂದು ಕಡೆ ಇಲ್ಲದಿದ್ರೆ ಅರ್ಜಿ ವಾಪಸ್, ಸರತಿಯ ಬಾಲಕ್ಕೆ ನೀವು. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಂಡು ಬೇರೆ ಬೇರೆ ಆರ್ಡರನ್ನ ಬೇರೆ ಬೇರೆ ಕಡೆ ಹಾಕಿ. ಒಂದೇ ಇನ್‌ವಾಯ್ಸ್ ಎರಡು ಕಡೆ ತೋರಿಸಬೇಡಿ, ಸಿಕ್ಕಿಬಿದ್ರೆ ಎರಡೂ ಬಾಗಿಲು ಮುಚ್ಚುತ್ತೆ. ಮಾರೋನ ಹತ್ತಿರ ಶೇಕಡಾ 30 ಮುಂಗಡ, ಮಿಕ್ಕ 70 ಸರಕು ಹೊರಟ 60 ದಿನಕ್ಕೆ ಅಂತ ಉದ್ರಿ ಮಾತಾಡಿ. ಡಾಲರ್ ಬರದ ಊರಲ್ಲಿ ಉದ್ರಿ ಕೊಡೋನೇ ನಿಜವಾದ ಬ್ಯಾಂಕು.

ಕಾರ್ಡಿನಲ್ಲಿ ಕೊಟ್ರೆ? 12,000 ಬ್ಯಾಂಕಿನಿಂದ ಬಂತು: 81,360 ಟಿಟಿ. ಮಿಕ್ಕ 8,000 ಕೆಲವು ಕಾರ್ಡುಗಳಲ್ಲಿ ಹರಡಿ ಕಟ್ಟಿದ್ರು, ಮಾರೋನು 3 ಶೇಕಡಾ ಶುಲ್ಕ ಸೇರಿಸಿದ, 8,240 ಆಯಿತು, ಅಂದ್ರೆ ಸುಮಾರು 55,867 ಟಿಟಿ. ಒಟ್ಟು 1,37,227. ಕೂಡಿಸಿ ಭಾಗಿಸಿದ್ರೆ ಡಾಲರ್‌ಗೆ 6.86 ಬಿತ್ತು. ಹೆಚ್ಚಾಗಿದ್ದು 1,600 ಟಿಟಿ ಚಿಲ್ಲರೆ. ಬೆಲೆಚೀಟಿ ಅಂಟಿಸುವಾಗ 6.78 ಅಲ್ಲ, ಈ 6.86 ಇಟ್ಕೊಂಡು ಲೆಕ್ಕ ಹಾಕಿ. ಕಾರ್ಡ್ ಶುಲ್ಕಕ್ಕೆ ಅಳೋರು ಡೆಮರೇಜ್ ಬಿಲ್ ಇನ್ನೂ ನೋಡಿಲ್ಲ ಅಂತರ್ಥ.

ಸರಕು ತಯಾರಿಸಿ ಹೊರಗೆ ಮಾರೋರಿಗೆ 2018ರಿಂದ ಸರ್ಕಾರದ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನಲ್ಲಿ ಪ್ರತ್ಯೇಕ ಕಿಟಕಿ ಇದೆ, ಕಚ್ಚಾ ಸಾಮಗ್ರಿಗೆ ಡಾಲರ್ ಕೊಡ್ತಾರೆ, ರಫ್ತಿನಿಂದ ಗಳಿಸಿದ ಡಾಲರ್ ವಾಪಸ್ ತರಬೇಕು. ಬರೀ ತಂದು ಮಾರೋರಿಗೆ ಆ ಸರತಿ ಅಲ್ಲ.

ನಮ್ಮ ಕಡೆಯಿಂದ ಕೆಲಸಕ್ಕೋ ಕ್ರಿಕೆಟ್ ನೋಡೋಕೋ ಹೋಗೋರು ಕೇಳಿ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಕನ್ನಡಿಗರಿಗೆ ಹೊಸದಲ್ಲ. 1976ರ ಏಪ್ರಿಲ್‌ನಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ, 406 ಹೊಡೆದು ಗೆದ್ದಿದ್ದು ಅಲ್ಲೇ, ನಮ್ಮ ವಿಶಿ 112, ಕೊನೆಗೆ ಬ್ರಿಜೇಶ್ ಪಟೇಲ್ ಔಟಾಗದೆ 49. ಅದರ ಮರುತಿಂಗಳೇ ಟಿಟಿ ಡಾಲರನ್ನ ಪೌಂಡಿನಿಂದ ಬಿಡಿಸಿ ಅಮೆರಿಕನ್ ಡಾಲರ್‌ಗೆ ಕಟ್ಟಿದ್ರು, ಆಗ ದರ 2.40.

ಕೆಲಸದ ಕರಾರಿಗೆ ಸಹಿ ಹಾಕೋ ಮೊದಲು ಸಂಬಳ ಎಷ್ಟು ಅನ್ನೋದಕ್ಕಿಂತ ಯಾವ ಹಣದಲ್ಲಿ ಅಂತ ಕೇಳಿ. ಪೂರ್ತಿ ಟಿಟಿ ಆದ್ರೆ ಮನೆಗೆ ಕಳಿಸೋಕೆ ನೀವೂ ಅದೇ ಸಾಲಲ್ಲಿ ನಿಲ್ಲಬೇಕು. ಮನೆಗೆ ಕಳಿಸೋವಷ್ಟನ್ನಾದ್ರೂ ಡಾಲರ್‌ನಲ್ಲಿ, ಹೊರದೇಶದ ಖಾತೆಗೆ ಹಾಕೋ ಷರತ್ತು ಬರೆಸಿ. ಪ್ರವಾಸಿಗರಾದ್ರೆ ತಂದ ಡಾಲರನ್ನೆಲ್ಲ ಒಂದೇ ಸಲ ಬದಲಾಯಿಸಬೇಡಿ, ಎರಡು ದಿನಕ್ಕೆ ಬೇಕಾದಷ್ಟೇ. ಡಾಲರ್ ಕೊಟ್ಟು ಟಿಟಿ ತಗೊಳ್ಳೋದು ಒಂದು ನಿಮಿಷದ ಕೆಲಸ, ಟಿಟಿ ಕೊಟ್ಟು ಡಾಲರ್ ವಾಪಸ್ ಪಡೆಯೋದು ಹರಸಾಹಸ. ರಸೀದಿ ಇಟ್ಕೊಳ್ಳಿ, ಕೆಲವು ಕೌಂಟರ್‌ನಲ್ಲಿ ಅದನ್ನ ತೋರಿಸಿದ್ರೆ ಮಾತ್ರ ಕೇಳಿಸ್ಕೋತಾರೆ.

ಹಳೇ ನೂರರ ನೋಟು ಯಾರಾದ್ರೂ ಕೊಟ್ರೆ ತಗೋಬೇಡಿ. ಕಾಗದದ ನೂರನ್ನ 2019ರ ಡಿಸೆಂಬರ್‌ನಲ್ಲಿ ಕೆಲವೇ ವಾರಗಳ ಗಡುವು ಕೊಟ್ಟು ರದ್ದು ಮಾಡಿದ್ರು, ನಮಗದು ಗೊತ್ತಿರೋ ಕಥೆನೇ. ಈಗಿನದು ಪಾಲಿಮರ್, ಮುಟ್ಟಿದ್ರೆ ನುಣ್ಣಗೆ ಜಾರುತ್ತೆ. ಕೊನೇ ದಿನ ಅಂಥ ನೀಲಿ ನೋಟೊಂದು ಉಳಿದಿದ್ರೆ ಪಿಯಾರ್ಕೊ ದಾರಿಯಲ್ಲಿ ಗಾಡಿ ನಿಲ್ಲಿಸಿ, ಎರಡು ಡಬಲ್ಸ್, ಸ್ಲೈಟ್ ಪೆಪ್ಪರ್, ಮಿಕ್ಕ ಚಿಲ್ಲರೆಗೆ ಒಂದು ಬಾಟಲಿ ಖಾರದ ಸಾಸ್. ಬಾಟಲಿಯನ್ನ ಚೆಕ್‌-ಇನ್ ಚೀಲಕ್ಕೆ ಹಾಕಿ, ಕೈಚೀಲದಲ್ಲಿ ಬಿಡಲ್ಲ.