ನಂಬರ್ ನೋಡಿ ವೈಡ್ ಕನ್ವರ್ಟರ್ ತಗೋಬೇಡಿ

ಟೇಬಲ್ ಮೇಲೆ ಮೂರು ವೈಡ್ ಕನ್ವರ್ಟರ್ ಕಾಣುತ್ತಿವೆ ಅಲ್ವಾ? ಕ್ಯಾಮ್‌ಕಾರ್ಡರ್ ಲೆನ್ಸಿನ ಮುಂದೆ ತಿರುಗಿಸಿ ಹಾಕಿದರೆ ಚಿತ್ರದಲ್ಲಿ ಜಾಸ್ತಿ ಅಗಲ ಬರುವಂತೆ ಮಾಡುವ ಗಾಜು ಇವು. ಎಡಗಡೆಯದು 0.45, ನಡುವಿನದು 0.5, ಬಲಗಡೆಯದು 0.7. ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಯಾವುದು ಅಂತ ಕೊನೆಯವರೆಗೂ ಕಾಯಿಸುವುದಿಲ್ಲ. 0.7. ಯಾಕೆ ಅಂತ ಹೇಳುವುದಕ್ಕೇ ಈ ವಿಡಿಯೊ.

ಮೊದಲು ಈ ಕೋಣೆ ನೋಡಿ. ಟ್ರೈಪಾಡ್ ಗೋಡೆಗೆ ತಾಗಿದೆ. ಇನ್ನು ಹಿಂದೆ ಹೋಗಲು ಜಾಗವೇ ಇಲ್ಲ. ಎದುರಿನ ಗೋಡೆ ಲೆನ್ಸಿನಿಂದ 3 ಮೀಟರ್ ದೂರ. ನನ್ನ ಕ್ಯಾಮ್‌ಕಾರ್ಡರ್ ಹಳೆಯದು. ಜೂಮ್ ಪೂರ್ತಿ ಹಿಂದಕ್ಕೆ ತಂದರೂ ಅದರ ಫೋಕಲ್ ಲೆಂತ್ 35 ಮಿ.ಮೀ. ಫಿಲಂ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 40 ಮಿ.ಮೀ. ಆಗುತ್ತದೆ. ಈ ಅಂಕಿ ಸಣ್ಣದಾದಷ್ಟೂ ಚಿತ್ರ ಅಗಲ. ಹಾಗಾಗಿ ಗೋಡೆಯ 2.7 ಮೀಟರ್ ಅಗಲ ಮಾತ್ರ ಸಿಗುತ್ತಿದೆ. ಕಿಟಕಿ ಬಂತು, ಬಾಗಿಲು ಬರಲಿಲ್ಲ. ಈಗ 0.7 ಹಾಕಿದ್ದೇನೆ. 40ನ್ನು 0.7ರಿಂದ ಗುಣಿಸಿ, 28. ಗೋಡೆಯ 3.8 ಮೀಟರಿಗಿಂತ ಸ್ವಲ್ಪ ಜಾಸ್ತಿ ಬಂತು. ಬಾಗಿಲು ಬಂತು. ಇದು 0.5. ಈಗ 20 ಮಿ.ಮೀ., 5.4 ಮೀಟರ್ ಅಗಲ. ಎದುರಿನ ಗೋಡೆ ಮುಗಿದು ಪಕ್ಕದ ಗೋಡೆಗಳೂ ಒಳಗೆ ಬಂದವು.

ಹಾಂ, ಒಂದು ಮಾತು ಮರೆಯುವ ಮುಂಚೆ ಹೇಳುತ್ತೇನೆ. ಕೊಳ್ಳುವ ಮೊದಲು ಮೆನು ತೆರೆದು ಸ್ಟೆಬಿಲೈಸೇಶನ್ ಯಾವ ಮೋಡ್‌ನಲ್ಲಿದೆ ನೋಡಿ. ಕೆಲವು ಕ್ಯಾಮ್‌ಕಾರ್ಡರ್‌ಗಳಲ್ಲಿ ಇದಕ್ಕೆ ಆ್ಯಕ್ಟಿವ್ ಅಂತ ಒಂದು ಜೋರು ಮೋಡ್ ಇರುತ್ತದೆ. ಕೈ ನಡುಗಿದ್ದನ್ನು ಸರಿಮಾಡಲು ಅದು ಚಿತ್ರದ ಅಂಚುಗಳನ್ನು ಕತ್ತರಿಸಿಕೊಳ್ಳುತ್ತದೆ. ಅದನ್ನು ಆಫ್ ಮಾಡಿದ ಕೂಡಲೇ ಚಿತ್ರ ಅಗಲವಾಗುತ್ತದೆ. ಟ್ರೈಪಾಡ್ ಮೇಲೆ ಅದು ಬೇಕಾಗಿಯೂ ಇಲ್ಲ. ಕೆಲವರಿಗೆ ಅಷ್ಟೇ ಸಾಕಾಗಬಹುದು. ಕನ್ವರ್ಟರೇ ಬೇಡ.

ಥ್ರೆಡ್ ಸೈಜು, ಅಂದರೆ ಕನ್ವರ್ಟರ್ ತಿರುಗಿಸಿ ಕೂರಿಸುವ ಬಾಯಿಯ ಅಳತೆ, ಇಲ್ಲಿದೆ, ಲೆನ್ಸಿನ ಮುಂಭಾಗದ ಅಂಚಿನಲ್ಲಿ. ಅಡ್ಡಗೀಟು ಹಾಕಿದ ಸೊನ್ನೆಯ ಪಕ್ಕ 37 ಅಂತ ಇದೆ ನೋಡಿ. ನಿಮ್ಮದರಲ್ಲಿ 30, 43, 46, 58 ಯಾವುದಾದರೂ ಇರಬಹುದು. ಅಲ್ಲೇ ಪಕ್ಕದಲ್ಲಿ ಮಿ.ಮೀ. ಅಂತ ಬರೆದ ಇನ್ನೊಂದು ಅಂಕಿ ಫೋಕಲ್ ಲೆಂತ್. ಅದನ್ನು ನೋಡಿ ಆರ್ಡರ್ ಮಾಡಬೇಡಿ. ಸೈಜು ಹೊಂದದಿದ್ದರೆ ಎರಡು ಅಳತೆಗಳನ್ನು ಜೋಡಿಸುವ ಸ್ಟೆಪ್ ರಿಂಗ್ ಸಿಗುತ್ತದೆ. ಆದರೆ ದೊಡ್ಡ ಕನ್ವರ್ಟರನ್ನು ಸಣ್ಣ ಲೆನ್ಸಿಗೆ ಹಾಕಿ, ಅದು ನಡೆಯುತ್ತದೆ. ಸಣ್ಣದನ್ನು ದೊಡ್ಡದಕ್ಕೆ ಹಾಕಿದರೆ ನಾಲ್ಕೂ ಮೂಲೆ ಕಪ್ಪಾಗುತ್ತದೆ. ಯುವಿ ಫಿಲ್ಟರ್ ಇದ್ದರೆ ಅದನ್ನೂ ತೆಗೆದಿಡಿ. ಅದರ ದಪ್ಪಕ್ಕೇ ಮೂಲೆ ಕಪ್ಪಾಗಬಹುದು.

ಈಗ ಈ 0.45. ನನಗೆ ನಿಜವಾಗಿ ಸಿಟ್ಟು ಬಂದದ್ದು ಇದರ ಮೇಲೆ. ನಂಬರ್ ಸಣ್ಣದು, ಜಾಸ್ತಿ ಅಗಲ ಸಿಗುತ್ತದೆ ಅಂತ ತಗೊಂಡೆ. ಅಕ್ಕನ ಮಗಳು ಇದೇ ಕೋಣೆಯಲ್ಲಿ ಒಂದು ನಾಟಕ ಮಾಡಿದಳು. ಅವಳೇ ಬರೆದ ನಾಟಕ. ನಾಲ್ಕು ಮಕ್ಕಳು, ಅವಳದು ನರಿಯ ಪಾತ್ರ. ಬಾಲಕ್ಕೆ ಒಂದು ಹಳೆಯ ಮಫ್ಲರ್. ಕಾಡು ಅಂದರೆ ಎರಡು ಕುರ್ಚಿ ಮತ್ತು ಒಂದು ಹಸಿರು ಬೆಡ್‌ಶೀಟ್. ನಾಟಕದ ನಡುವೆ ಮೊಲಕ್ಕೆ ಮಾತು ಮರೆತುಹೋಯಿತು. ಆಗ ನರಿಯೇ ಪಿಸುಗುಟ್ಟಿ ಹೇಳಿಕೊಟ್ಟಳು, ಪಾತ್ರ ಬಿಡದೆ, ಬಾಲ ಆಡಿಸುತ್ತಲೇ. ಎಷ್ಟು ಚೆನ್ನಾಗಿ ಮಾಡಿದಳು ಅಂದರೆ… ಕ್ಲಿಪ್ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಆ ಹೊತ್ತಿಗೆ ನಾನು ಅವಳ ಮುಖಕ್ಕೆ ಜೂಮ್ ಮಾಡಿದ್ದೆ. ಕ್ಯಾಮ್‌ಕಾರ್ಡರ್‌ನ ಪುಟ್ಟ ಸ್ಕ್ರೀನಿನಲ್ಲಿ ಎಲ್ಲ ಸರಿಯಾಗೇ ಇತ್ತು. ರಾತ್ರಿ ಟಿವಿಗೆ ಹಾಕಿ ನೋಡಿದರೆ, ಇದು. ನೀವೇ ನೋಡಿ. ಕಣ್ಣು ಎಲ್ಲಿದೆ, ಬಾಯಿ ಎಲ್ಲಿದೆ ಗೊತ್ತಾಗುತ್ತಿಲ್ಲ. ಹಾಲು ಚೆಲ್ಲಿದ ಹಾಗಿದೆ. ಮಫ್ಲರ್ ಅಂಚಿನಲ್ಲಿ ನೇರಳೆ ಗೆರೆ. ಪಿಸುಗುಟ್ಟಿದ್ದು ಕೇಳುತ್ತದೆ, ಮುಖ ಇಲ್ಲ. ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಕ್ಯಾಮೆರಾ ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ. ಅದಲ್ಲ. ಕನ್ವರ್ಟರ್ ಒಳಗೆ ಸಮಾನಾಂತರವಾಗಿ ಬಂದ ಬೆಳಕಿನ ಕಿರಣಗಳು ಸಮಾನಾಂತರವಾಗಿಯೇ ಹೊರಗೆ ಹೋಗಬೇಕು. ಆಗ ಮಾತ್ರ ಹಿಂದಿರುವ ಲೆನ್ಸ್ ಎಂದಿನಂತೆ ಫೋಕಸ್ ಮಾಡುತ್ತದೆ. ಅಗ್ಗದ ಗಾಜಿನಲ್ಲಿ ಇದು ಸ್ವಲ್ಪ ತಪ್ಪಿರುತ್ತದೆ. ಜೂಮ್ ಮಾಡದೆ ವೈಡ್‌ನಲ್ಲಿ ಇಟ್ಟಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಜೂಮ್ ಮಾಡಿದರೆ ಅದೇ ತಪ್ಪು ಹಲವು ಪಟ್ಟು ದೊಡ್ಡದಾಗುತ್ತದೆ. ಹಾಗಾಗಿ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಎಕ್ಸ್, ಅಂದರೆ 0.45, 0.7ರಂಥ ನಂಬರ್ ಎಷ್ಟು ಅಂತಲ್ಲ. ಪೂರ್ತಿ ಜೂಮ್ ಮಾಡಿದರೂ ಫೋಕಸ್ ನಿಲ್ಲುತ್ತದಾ ಅಂತ. ಜೂಮ್ ಥ್ರೂ ಅಂತ ಬರೆದಿದ್ದರೆ ಆ ಅರ್ಥ. ಪಾರ್ಶಿಯಲ್ ಅಂತ ಇದ್ದರೆ ವೈಡ್ ಕಡೆಯ ಸ್ವಲ್ಪ ಭಾಗದಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ಏನೂ ಬರೆದಿಲ್ಲವಾ? ನಂಬಬೇಡಿ.

ನಾನು ಪರೀಕ್ಷೆ ಮಾಡುವುದು ಹೀಗೆ, ಗೋಡೆಗೆ ಪೇಪರ್ ಅಂಟಿಸಿ. ಒಮ್ಮೆ ಪೂರ್ತಿ ವೈಡ್, ಒಮ್ಮೆ ಪೂರ್ತಿ ಜೂಮ್. ಆಮೇಲೆ ಟಿವಿಯಲ್ಲಿ ನೋಡುವುದು. 0.7ರಲ್ಲಿ ಮೂಲೆಯ ಅಕ್ಷರ ಸ್ವಲ್ಪ ಮಸುಕು, ಆದರೂ ಓದಬಹುದು. ಜೂಮ್‌ನಲ್ಲೂ ಓದಬಹುದು. 0.45ರಲ್ಲಿ ನಡುವಿನದು ಬಿಟ್ಟರೆ ಉಳಿದದ್ದೆಲ್ಲ ಬರೀ ಬೂದು.

ಇದು 0.5ರ ಶಾಟ್. ಕಪಾಟು ಪೀಪಾಯಿ ಹಾಗೆ ಉಬ್ಬಿದೆ, ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿದೆ. ಅಂಚಿನಲ್ಲಿ ನಿಂತರೆ ನನ್ನ ಆಕಾರವೂ ಕೆಡುತ್ತದೆ. ಮನುಷ್ಯರನ್ನು ಚಿತ್ರಿಸಲು ಇದು ಬೇಡವೇ ಬೇಡ. ಆದರೆ… ಮೆಟ್ಟಿಲಿನ ಈ ಶಾಟ್ ನೋಡಿ. ಕೆಳಗಿನಿಂದ ಮೇಲಿನವರೆಗೆ ಒಂದೇ ಚೌಕಟ್ಟಿನಲ್ಲಿ ಸುರುಳಿ ಸುತ್ತಿಕೊಂಡು ಹೋಗುತ್ತಿದೆ. 0.7ರಲ್ಲಿ ಇದು ಸಿಗುವುದೇ ಇಲ್ಲ. ಇಲ್ಲ, ಇದನ್ನು ಕೊಡುವುದಿಲ್ಲ. ಒಂದೇ ಇಟ್ಟುಕೊಳ್ಳುತ್ತೇನೆ ಅಂದಿದ್ದೆ, ಎರಡು ಅಂತ ತಿದ್ದಿಕೊಳ್ಳಿ.

ತೂಕದ ಬಗ್ಗೆಯೂ ಹೇಳಬೇಕು. ಒಳ್ಳೆಯ ಗಾಜು ಭಾರ. ಕ್ಯಾಮ್‌ಕಾರ್ಡರ್ ಮೂತಿ ಮುಂದಕ್ಕೆ ವಾಲುತ್ತದೆ, ಮಣಿಕಟ್ಟು ನೋಯುತ್ತದೆ. ಕನ್ವರ್ಷನ್ ಲೆನ್ಸ್ ಅಂತ ಮೆನುವಿನಲ್ಲಿ ಇದ್ದರೆ ಆನ್ ಮಾಡಿ, ಸ್ಟೆಬಿಲೈಸೇಶನ್ ಅದಕ್ಕೆ ಹೊಂದಿಕೊಳ್ಳುತ್ತದೆ. ಕೆಲವು ಕ್ಯಾಮ್‌ಕಾರ್ಡರ್‌ಗಳಲ್ಲಿ ಫೋಕಸ್‌ಗಾಗಿ ಲೆನ್ಸಿನ ಹೊರಗೆ ಬೇರೆ ಸೆನ್ಸರ್ ಇರುತ್ತದೆ. ಕನ್ವರ್ಟರ್ ಅದಕ್ಕೆ ಅಡ್ಡ ಬರುತ್ತದೆ. ಆಗ ಸಾಮಾನ್ಯ ಆಟೋ ಫೋಕಸ್‌ಗೆ ಬದಲಿಸಿ.

ಕಿಟಕಿಯಿಂದ ಬಿಸಿಲು ಬಂತು. ಚಿತ್ರದಲ್ಲಿ ಬಿಳಿ ಚುಕ್ಕೆಗಳು ಕಾಣುತ್ತಿವೆಯಾ? ಅವು ಮುಂದಿನ ಗಾಜಿನ ಮೇಲಿನ ಧೂಳು. ವೈಡ್‌ನಲ್ಲಿ ಗಾಜಿನ ಮೇಲಿನ ಕಸವೂ ಕಣ್ಣಿಗೆ ಹೊಡೆಯುತ್ತದೆ. ಬಟ್ಟೆ ಎಲ್ಲಿಟ್ಟೆ… ಇಲ್ಲಿದೆ. ಒರೆಸಿ, ಮೆಟ್ಟಿಲಿನ ಶಾಟ್ ಇನ್ನೊಮ್ಮೆ ತೆಗೆಯುತ್ತೇನೆ. ಕಟ್.