ಈ ಬೇರು ಎಲ್ಲಿಯದು?

ಕೇಳುಗರಿಗೆ ನಮಸ್ಕಾರ.

ಕೊರೋನಾ ಬಂದ ವರ್ಷ ಅಮೃತಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಲಿಯ ಮೇಲೆ ಯಾರ ಕಣ್ಣಿಗೂ ಬೀಳದೆ ಹಬ್ಬಿಕೊಂಡಿದ್ದ ಬಳ್ಳಿಯನ್ನು ಜನರು ಕೊಯ್ದು, ಜಜ್ಜಿ, ಕಷಾಯ ಕಾಸಿ ಕುಡಿದರು. ಬೇಲಿಯೇ ಇಲ್ಲದ ನಗರದವರು ಪುಡಿ, ಮಾತ್ರೆ, ರಸದ ಬಾಟಲಿಗಳನ್ನು ಕೊಂಡು ತಂದರು. ಅದೇ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಮುಂಬೈಯ ಯಕೃತ್ತಿನ ತಜ್ಞರು ಆರು ಮಂದಿ ರೋಗಿಗಳನ್ನು ಕಂಡರು. ಯಕೃತ್ತಿಗೆ ಪೆಟ್ಟಾಗಿತ್ತು, ಸಾಮಾನ್ಯವಾಗಿ ಕಾಣುವ ಕಾರಣಗಳು ಸಿಗಲಿಲ್ಲ. ಏನೇನು ತೆಗೆದುಕೊಂಡಿರಿ ಎಂದು ಬಿಡಿಸಿ ಕೇಳಿದಾಗ ಆರೂ ಮಂದಿಯ ಬಾಯಲ್ಲಿ ಬಂದದ್ದು ಅಮೃತಬಳ್ಳಿಯ ಹೆಸರು. 2021ರಲ್ಲಿ ಆ ವರದಿ ಪ್ರಕಟವಾಯಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಸೇರಿಸಿದ ಇನ್ನೊಂದು ಅಧ್ಯಯನ ಹೊರಬಂತು. ಹಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿ ಬಿದ್ದ ಲಕ್ಷಣಗಳಿದ್ದವು.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು, ಅದೇ ಕುಲದ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಬೆರೆತಿರಬಹುದು ಎಂದು ಅದು ಹೇಳಿತು. ಎರಡನೆಯ ಅಧ್ಯಯನದವರು ಸಿಕ್ಕ ಮಾದರಿಗಳ ರಾಸಾಯನಿಕ ಪರೀಕ್ಷೆಯನ್ನೂ ಮಾಡಿದ್ದರು. ವಾದ ಇನ್ನೂ ಮುಗಿದಿಲ್ಲ. ಇಂದು ನಾನು ಆ ವಾದಕ್ಕೆ ತೀರ್ಪು ಕೊಡಲು ಹೊರಟಿಲ್ಲ. ಆದರೆ ಅದರೊಳಗೆ ಅಡಗಿರುವ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಕೋಟ್ಯಂತರ ಜನರು ಸೇವಿಸಿದ ಮೂಲಿಕೆಯ ವಿಷಯದಲ್ಲಿ, ಬಾಟಲಿಯೊಳಗೆ ಇದ್ದದ್ದು ಯಾವ ಬಳ್ಳಿ ಎಂದು ಬೆರಳಿಟ್ಟು ತೋರಿಸುವ ದಾಖಲೆ ನಮ್ಮಲ್ಲಿ ಏಕೆ ಇರಲಿಲ್ಲ?

ಗಿಡ ಕಣ್ಣ ಮುಂದೆ ಇದ್ದರೆ ಗುರುತಿಸುವುದು ಕಷ್ಟವಲ್ಲ. ಅಮೃತಬಳ್ಳಿಯ ಬಲಿತ ಕಾಂಡದ ಮೇಲೆ ಕಾಗದದಂತೆ ತೆಳುವಾದ ಸಿಪ್ಪೆ ಇರುತ್ತದೆ. ಉಗುರಿನಿಂದ ಕೆರೆದರೆ ಅದು ಸುಲಿದು ಬಂದು ಒಳಗಿನ ಹಸಿರು ಕಾಣುತ್ತದೆ. ಕ್ರಿಸ್ಪಾದ ಕಾಂಡದ ಮೇಲೆ ಎದ್ದು ಕಾಣುವ ಗಂಟುಗಂಟು ಮೊಡವೆಗಳಿದ್ದು, ಬೆರಳಾಡಿಸಿದರೆ ತಡೆಯುತ್ತವೆ. ಇನ್ನೊಂದು ಸೋದರ ಬಳ್ಳಿಯೂ ಇದೆ, ಅದರ ಎಲೆಯ ಮೇಲೆ ಮೃದುವಾದ ರೋಮಗಳಿರುತ್ತವೆ. ಆದರೆ ಒಣಗಿಸಿ ಪುಡಿ ಮಾಡಿದ ಮೇಲೆ ಮೊಡವೆಯೂ ಇಲ್ಲ, ರೋಮವೂ ಇಲ್ಲ. ಆಮೇಲೆ ಪ್ರಯೋಗಾಲಯವೇ ಗತಿ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಲ್ಜಿಯಂ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್ ನಗರದ ಮೂತ್ರಪಿಂಡ ತಜ್ಞರಿಗೆ ಒಂದು ವಿಚಿತ್ರ ಕಂಡಿತು. ಅಷ್ಟೇನೂ ವಯಸ್ಸಾಗದ ಹೆಂಗಸರು ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆಗೆ ಬರುತ್ತಿದ್ದರು, ಮತ್ತು ಅವರೆಲ್ಲರೂ ತೂಕ ಇಳಿಸಿಕೊಳ್ಳಲು ಒಂದೇ ಚಿಕಿತ್ಸಾಲಯಕ್ಕೆ ಹೋಗಿದ್ದವರು. ಅಲ್ಲಿ ಕೊಡುತ್ತಿದ್ದ ಚೀನೀ ಮೂಲಿಕೆಗಳಲ್ಲಿ ಸ್ಟೆಫಾನಿಯಾ ಎಂಬ ಬೇರಿನ ಬದಲು ಅರಿಸ್ಟೊಲೋಕಿಯಾ ಕುಲದ ಬೇರು ಸೇರಿಕೊಂಡಿತ್ತು. ಚೀನೀ ವ್ಯಾಪಾರದಲ್ಲಿ ಎರಡರ ಹೆಸರೂ ಹತ್ತಿರ ಹತ್ತಿರ. 1993ರಲ್ಲಿ ಮೊದಲ ವರದಿ ಬಂತು. ಕೊನೆಗೆ ಸುಮಾರು 100 ಮಂದಿಯ ಮೂತ್ರಪಿಂಡಕ್ಕೆ ಹಾನಿಯಾದದ್ದು ತಿಳಿಯಿತು, ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ದೂರದ ಕಥೆ ಎಂದುಕೊಳ್ಳಬೇಡಿ. ನಮ್ಮ ಕಾಡಂಚಿನಲ್ಲಿ ಬೆಳೆಯುವ, ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ಹೇಳುವ ಈಶ್ವರಿ ಬಳ್ಳಿಯೂ ಅದೇ ಅರಿಸ್ಟೊಲೋಕಿಯಾ ಕುಲದ್ದು. ಮೂತ್ರಪಿಂಡವನ್ನು ಕೆಡಿಸುವ ಆಮ್ಲ ಅದರಲ್ಲೂ ಇದೆ. ಆ ಬೇರನ್ನು ಯಾರೇ ಕೊಟ್ಟರೂ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಹಾವು ಕಚ್ಚಿದರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಒಂದು ಬೇರಿನ ಜಾಗಕ್ಕೆ ಇನ್ನೊಂದು ಬಂದು ಕೂರಲು ಅಜ್ಞಾನ ಒಂದು ಕಾರಣವಾದರೆ ದುರಾಸೆ ಇನ್ನೊಂದು. ಇವೆರಡಕ್ಕಿಂತ ದೊಡ್ಡ ಕಾರಣ ಮೂರನೆಯದು, ಅದನ್ನು ನಾವು ಮಾತಾಡುವುದೇ ಇಲ್ಲ. ಅಸಲಿ ಗಿಡ ಕಾಡಿನಲ್ಲಿ ಉಳಿದಿಲ್ಲ.

ಅಶೋಕದ ಮರವನ್ನೇ ನೋಡಿ. ಹೆಂಗಸರ ಅತಿರಕ್ತಸ್ರಾವಕ್ಕೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದದ್ದು ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ಬೆಳೆಯುವ ಸೀತಾಶೋಕದ ತೊಗಟೆ. ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುವ, ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ ಜೋತುಬೀಳುವ ಸುಂದರವಾದ ಮರ ಅದು. ತೊಗಟೆಗಾಗಿ ಮರವನ್ನೇ ಉರುಳಿಸಿದ್ದರಿಂದ ಈಗ ಅದು ಅಪಾಯದಲ್ಲಿರುವ ಮರಗಳ ಪಟ್ಟಿ ಸೇರಿದೆ. ಆದರೆ ಅಶೋಕಾರಿಷ್ಟದ ಬಾಟಲಿಗೆ ಅಂಗಡಿಯಲ್ಲಿ ಎಂದೂ ಬರ ಬಂದಿಲ್ಲ. ಮರ ಕಡಿಮೆಯಾಗುತ್ತಾ ಹೋದರೂ ಬಾಟಲಿ ಹೆಚ್ಚುತ್ತಾ ಹೋಗುವುದು ಹೇಗೆ ಸಾಧ್ಯ? ದಕ್ಷಿಣ ಭಾರತದ ಮಾರುಕಟ್ಟೆಗಳಿಂದ ತಂದ ತೊಗಟೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಉತ್ತರ ಹುಡುಕಿದ್ದಾರೆ. ಅಶೋಕವೆಂದು ಮಾರಾಟವಾಗುವ ತೊಗಟೆಯಲ್ಲಿ ಬಹಳಷ್ಟು ಬೇರೆ ಮರಗಳದ್ದು. ಉದ್ಯಾನ, ಶಾಲೆ, ಕಚೇರಿಗಳ ಕಾಂಪೌಂಡಿನ ಉದ್ದಕ್ಕೂ ಕಂಬದ ಹಾಗೆ ನೆಟ್ಟಗೆ ನಿಲ್ಲುವ, ಜನರು ಅಶೋಕವೆಂದೇ ಕರೆಯುವ ಪಾಲಿಯಾಲ್ಥಿಯಾ ಮರದ ತೊಗಟೆಯನ್ನೂ ಬೆರೆಸುವುದುಂಟು. ಅಸಲಿ ತೊಗಟೆಯನ್ನು ಹೊಸದಾಗಿ ಕತ್ತರಿಸಿದರೆ ತಿಳಿ ಹಳದಿ ಕಂಡು, ಗಾಳಿ ತಾಕಿದ ಮೇಲೆ ಕೆಂಪಗಾಗುತ್ತದೆ. ಗೋಣಿಚೀಲದಲ್ಲಿ ಚೂರುಗಳಾಗಿ ಬಂದು ಗಿರಣಿಗೆ ಬೀಳುವಾಗ ಅದನ್ನು ನಿಂತು ನೋಡುವವರು ಯಾರು?

ಇನ್ನು ಮರದರಿಶಿನ. ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ದೊಡ್ಡ ಮರಗಳನ್ನು ತಬ್ಬಿ ಮೇಲೇರುವ ದಪ್ಪ ಬಳ್ಳಿ ಇದು. ಕಾಂಡವನ್ನು ಅಡ್ಡ ಕೊಯ್ದರೆ ಅರಿಶಿನಕ್ಕಿಂತ ಗಾಢವಾದ ಹಳದಿ ಕಾಣುತ್ತದೆ. ಉತ್ತರ ಭಾರತದವರು ದಾರುಹರಿದ್ರ ಎಂದು ಹಿಮಾಲಯದ ಬೇರೊಂದು ಗಿಡವನ್ನು ಬಳಸಿದರೆ, ದಕ್ಷಿಣದಲ್ಲಿ ಆ ಜಾಗದಲ್ಲಿ ಮರದರಿಶಿನ ನಡೆಯುತ್ತದೆ. ಬರ್ಬೆರಿನ್ ಎಂಬ ಹಳದಿ ಸತ್ವ ಎರಡರಲ್ಲೂ ಇದೆ. ಆದರೆ ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡಲು ಹಲವು ವರ್ಷ ಬಲಿಯಬೇಕು. ಬಲಿತ ಬಳ್ಳಿಗೇ ಬೆಲೆ ಹೆಚ್ಚು, ಆದ್ದರಿಂದ ಮೊದಲು ಕತ್ತಿ ಬೀಳುವುದೂ ಅದರ ಮೇಲೆಯೇ. ಸುತ್ತಲಿನ ಗಂಡು ಬಳ್ಳಿಗಳೆಲ್ಲ ಹೋದರೆ ಉಳಿದ ಹೆಣ್ಣು ಬಳ್ಳಿ ಬರಿದೇ ನಿಲ್ಲುತ್ತದೆ. ದಕ್ಷಿಣ ರಾಜ್ಯಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ ಇದನ್ನು ತೀವ್ರ ಅಪಾಯದಂಚಿಗೆ ಸೇರಿಸಿದ್ದಾರೆ. ನಾಳೆ ಇದು ಸಿಗದಿದ್ದಾಗ ಅದರ ಜಾಗಕ್ಕೆ ಯಾವ ಹಳದಿ ಕಟ್ಟಿಗೆ ಬರುತ್ತದೆಯೋ, ಅದನ್ನು ನುಂಗಿದವರಿಗೆ ಏನಾಗುತ್ತದೆಯೋ ಎಂಬ ಚಿಂತೆ ನನಗಿದೆ.

ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ನಡೆದ ಸಮೀಕ್ಷೆ ನಮ್ಮ ದೇಶದಲ್ಲಿ 1,178 ಜಾತಿಯ ಔಷಧೀಯ ಸಸ್ಯಗಳು ವ್ಯಾಪಾರದಲ್ಲಿವೆ ಎಂದು ಲೆಕ್ಕ ಹಾಕಿದೆ. ಅವುಗಳಲ್ಲಿ 242 ಜಾತಿಗಳು ವರ್ಷಕ್ಕೆ ನೂರು ಟನ್‌ಗಿಂತ ಹೆಚ್ಚು ಮಾರಾಟವಾಗುತ್ತವೆ. ಈ 242ರಲ್ಲಿ ಬಹುಪಾಲು ಬರುವುದು ಕಾಡಿನಿಂದ, ಹೊಲದಿಂದಲ್ಲ.

ಹಾಗಾದರೆ ಕಾಡಿಗೆ ಬೀಗ ಹಾಕಿದರಾಯಿತೇ? ಬಿಳಿಗಿರಿರಂಗನ ಬೆಟ್ಟದ ಅನುಭವ ಹಾಗೆ ಹೇಳುವುದಿಲ್ಲ. ಅಲ್ಲಿನ ಸೋಲಿಗರು ತಲೆಮಾರುಗಳಿಂದ ಬೆಟ್ಟದ ನೆಲ್ಲಿಕಾಯಿ, ಜೇನು, ಮಾಕಳಿ ಬೇರು ತಂದು ಬದುಕಿದವರು. ಪರಿಸರ ಸಂಶೋಧನೆ ನಡೆಸುವ ಅಶೋಕಾ ಟ್ರಸ್ಟ್ ಎಂಬ ಸಂಸ್ಥೆಯ ಸಂಶೋಧಕರು ಅವರ ಜೊತೆ ಸೇರಿ ವರ್ಷ ವರ್ಷವೂ ನೆಲ್ಲಿಯ ಲೆಕ್ಕ ಇಟ್ಟರು. ಕೊಯ್ಲಿಗೆ ಮುಂಚೆ ಮರಗಳಲ್ಲಿ ಎಷ್ಟು ಕಾಯಿ ಇದೆ, ಎಷ್ಟು ಕೊಯ್ದರು, ಮರದ ಕೆಳಗೆ ಎಷ್ಟು ಸಸಿ ಎದ್ದಿದೆ ಎಂದು ಸೋಲಿಗರೇ ಕುಳಿತು ಚರ್ಚಿಸಿದರು. ಕಾಯಿಗಾಗಿ ಕೊಂಬೆ ಕಡಿಯುವುದು ನಷ್ಟವೆಂಬುದು ಅವರಿಗೆ ಗೊತ್ತಿತ್ತು. ಆದರೆ ಅವರು ಬೊಟ್ಟು ಮಾಡಿ ತೋರಿಸಿದ ದೊಡ್ಡ ಶತ್ರು ಬೇರೆ. ನೆಲ್ಲಿಯ ಕೊಂಬೆಗೆ ಅಂಟಿ ರಸ ಹೀರುವ ಬಂದಳಿಕೆ. ಬಂದಳಿಕೆ ಹಿಡಿದ ಮರ ಕಾಯಿ ಕಡಿಮೆ ಬಿಡುತ್ತದೆ, ಕೊನೆಗೆ ಒಣಗುತ್ತದೆ. ಮರ ಹತ್ತುವವನು ಮಾತ್ರ ಅದನ್ನು ಕಿತ್ತು ಹಾಕಬಲ್ಲ. 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ಕಾಯಿ ಸಂಗ್ರಹಿಸುವುದಕ್ಕೆ ತಡೆ ಬಿದ್ದಾಗ, ಮರದ ಮೇಲಿದ್ದ ಆ ಕಣ್ಣೂ ಕೆಳಗಿಳಿಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ಅದೇ ಮೊದಲು. ಅದು ಸೋಲಿಗರಿಗೆ ಮಾತ್ರವಲ್ಲ, ಚ್ಯವನಪ್ರಾಶ ತಿನ್ನುವವರಿಗೂ ಒಳ್ಳೆಯ ಸುದ್ದಿ ಎಂದೇ ನಾನು ನಂಬುತ್ತೇನೆ.

ಏಕೆಂದರೆ ಕಾಡಿನ ಬದಿಯಲ್ಲಿ ಬರೆದ ಆ ಲೆಕ್ಕದ ಪುಸ್ತಕ, ಯಾವ ಗುಡ್ಡದಲ್ಲಿ, ಯಾವ ತಿಂಗಳಲ್ಲಿ, ಯಾರು, ಎಷ್ಟು ಕೊಯ್ದರು ಎಂಬ ಪುಸ್ತಕ, ಆಸ್ಪತ್ರೆಯ ವೈದ್ಯರಿಗೂ ಬೇಕಾದ ಪುಸ್ತಕವೇ ಆಗಿದೆ. ಯಾರಿಗೋ ಕಾಮಾಲೆಯಾದಾಗ ಬಾಟಲಿಯ ಬ್ಯಾಚ್ ಸಂಖ್ಯೆ ಹಿಡಿದು ಕಾರ್ಖಾನೆಗೆ, ಅಲ್ಲಿಂದ ಮಂಡಿಗೆ, ಮಂಡಿಯಿಂದ ಕಾಡಿಗೆ ಹೋಗಲು ದಾರಿ ಇರಬೇಕು. ಇಂದು ಆ ದಾರಿ ಸಾಮಾನ್ಯವಾಗಿ ಮಂಡಿಯಲ್ಲಿಯೇ ಕಡಿದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಮೂಲಿಕೆಗಳ ಬೇಸಾಯ ಮತ್ತು ಸಂಗ್ರಹದ ಬಗ್ಗೆ ಒಂದು ಮಾರ್ಗಸೂಚಿ ತಂದಿತು, 2004ರಲ್ಲಿ ಮೂಲಿಕೆ ಔಷಧಿಗಳ ಸುರಕ್ಷತಾ ನಿಗಾ ಬಗ್ಗೆ ಇನ್ನೊಂದು. ಒಂದನ್ನು ಸಸ್ಯ ಮಂಡಳಿ ಓದುತ್ತದೆ, ಇನ್ನೊಂದನ್ನು ಔಷಧ ನಿಯಂತ್ರಕರು ಓದುತ್ತಾರೆ. ಇಬ್ಬರೂ ಒಂದೇ ಮೇಜಿನ ಸುತ್ತ ಕೂರುವುದು ಅಪರೂಪ. ಕೂರಲೇಬೇಕು.

ನಿಗಾ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಅದರ ಸಮನ್ವಯ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಲ್ಲಿ ನಡೆಯುತ್ತದೆ. ಆಯುಷ್ ಔಷಧಿಗಳಿಗೆ ಪ್ರತ್ಯೇಕ ಜಾಲವಿದ್ದು, ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ಕೇಂದ್ರ. ಆದರೆ ವರದಿ ಬರಬೇಕಾದರೆ ಯಾರಾದರೂ ಬಾಯಿ ಬಿಡಬೇಕಲ್ಲ? ಅಲೋಪತಿ ವೈದ್ಯರು ಬೈಯಬಹುದೆಂದು ರೋಗಿ ಕಷಾಯದ ವಿಷಯ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಆಯುರ್ವೇದ ವೈದ್ಯರಲ್ಲಿ ಕೆಲವರು ವರದಿ ಮಾಡಿದರೆ ಶಾಸ್ತ್ರಕ್ಕೇ ಅವಮಾನವೆಂದು ತಿಳಿಯುತ್ತಾರೆ. ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲ ಎಂಬ ಜಾಹೀರಾತು ಇದಕ್ಕೆಲ್ಲ ತುಪ್ಪ ಸುರಿಯುತ್ತದೆ. ದೇಹದ ಮೇಲೆ ಕೆಲಸ ಮಾಡುವ ಯಾವ ವಸ್ತುವೂ ಕೆಲವರಲ್ಲಿ ಬೇಡದ ಕೆಲಸವನ್ನೂ ಮಾಡೀತು. ಜ್ಯೇಷ್ಠಮಧುವನ್ನು ಹೆಚ್ಚಾಗಿ, ಬಹುಕಾಲ ತಿಂದರೆ ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅಶ್ವಗಂಧವನ್ನು ವೈದ್ಯರಿಗೆ ತಿಳಿಸದೆ ಶುರು ಮಾಡಬಾರದು. ಇದನ್ನು ಹೇಳುವುದರಿಂದ ಆಯುರ್ವೇದ ಸಣ್ಣದಾಗುವುದಿಲ್ಲ. ಇಷ್ಟು ಪ್ರಮಾಣ, ಇಂಥ ರೋಗಿ, ಇಂಥ ಋತು ಎಂದು ಕಟ್ಟುನಿಟ್ಟು ಮಾಡಿದ ಶಾಸ್ತ್ರ ಅದು.

ಔಷಧಿ ತಯಾರಕರಲ್ಲಿ ನನ್ನ ಕೋರಿಕೆ ಒಂದೇ. ಬಾಟಲಿಯ ಮೇಲೆ ತಯಾರಾದ ತಾರೀಖು ಹಾಕುವ ಹಾಗೆ, ಮುಖ್ಯ ಮೂಲಿಕೆ ಯಾವ ಜಿಲ್ಲೆಯದು, ಕಾಡಿನದೋ ಹೊಲದ್ದೋ ಎಂದೂ ಹಾಕಿ. ಹಾಕಲಾಗದಿದ್ದರೆ ಅದು ನಿಮಗೇ ಗೊತ್ತಿಲ್ಲವೆಂದು ಅರ್ಥ, ಗೊತ್ತಿಲ್ಲದ್ದನ್ನು ರೋಗಿಗೆ ಕೊಡಬೇಡಿ. ಅಡಿಕೆ ತೋಟದ ನೆರಳಿನಲ್ಲಿ ಸೀತಾಶೋಕ ನೆಡಲು ಸಿದ್ಧರಿರುವ ರೈತರು ಮಲೆನಾಡಿನಲ್ಲಿ ಸಿಗುತ್ತಾರೆ. ಆದರೆ ಮರ ಬಲಿಯುವ ತನಕ ಕಾಯಬೇಕು, ಆಮೇಲೆ ನಕಲಿ ತೊಗಟೆಯ ದರಕ್ಕೇ ಮಾರಬೇಕೆಂದರೆ ಯಾರೂ ನೆಡುವುದಿಲ್ಲ. ಅಸಲಿಗೆ ಅಸಲಿ ಬೆಲೆ ಕೊಡುವ ಒಪ್ಪಂದ ಇಂದೇ ಆಗಲಿ.

ಇನ್ನು ಕೇಳುಗರಾದ ನಿಮಗೆ. ಯಾವುದೇ ಮೂಲಿಕೆ ಔಷಧಿ ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಾಲು ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ ಔಷಧಿ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಹೋಗುವಾಗ ಬಾಟಲಿ, ಪೊಟ್ಟಣ, ರಸೀದಿ ಎಲ್ಲವನ್ನೂ ಒಯ್ಯಿರಿ. ಉಳಿದ ಪುಡಿಯನ್ನು ಚೆಲ್ಲಬೇಡಿ, ಬಾಯಿ ಕಟ್ಟಿ ಒಣಗಿದ ಜಾಗದಲ್ಲಿಡಿ. ಹಿತ್ತಿಲ ಬಳ್ಳಿಯಾಗಿದ್ದರೆ ಎಲೆ ಸಮೇತ ಒಂದು ತುಂಡು ಕೊಯ್ದು ಒಯ್ಯಿರಿ. ಅಡ್ಡಪರಿಣಾಮವನ್ನು ವೈದ್ಯರೇ ವರದಿ ಮಾಡಬೇಕೆಂದೇನೂ ಇಲ್ಲ, ನೀವೂ ಮಾಡಬಹುದು. ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800 180 3024. ಬರೆದುಕೊಳ್ಳಲು ಅನುಕೂಲವಾಗಲೆಂದು ಮತ್ತೊಮ್ಮೆ ಹೇಳುತ್ತೇನೆ: 1800 180 3024. ಮಾತಾಡುವಾಗ ಬ್ಯಾಚ್ ಸಂಖ್ಯೆ ನಿಮ್ಮ ಕೈಯಲ್ಲಿರಲಿ.

ನಮಸ್ಕಾರ.